ಬೆಚ್ಚಗಿರಲೆಂದು ಕೊಟ್ಟದ್ದು

“ಕೂಸು ಅಳೋದೇ ಇಲ್ಲ ನೋಡ್ರಿ ಡಾಕ್ಟ್ರಮ್ಮ. ಬಂಗಾರದಂಥ ಕೂಸು.”

ಇಂಥ ಮಾತು ಕೇಳಿದಾಗ ನಕ್ಕು, ಕೂಸಿನ ಗಲ್ಲ ಮುಟ್ಟಿ ನೆಟಿಕೆ ತೆಗೆಯುವುದು ವಾಡಿಕೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಹುಟ್ಟಿ ಎರಡು ವಾರವೂ ಆಗದ ಕೂಸಿಗೆ ಈ ಲೋಕದಲ್ಲಿ ಇರುವುದೇ ಒಂದು ಕೆಲಸ, ಹಸಿದಾಗ ಬಾಯಿಬಿಟ್ಟು ಅಳುವುದು. ಅಷ್ಟನ್ನೂ ಮಾಡುತ್ತಿಲ್ಲ ಎಂದರೆ ಅದು ಸಾಧು ಅಂತಲ್ಲ, ಅದಕ್ಕೆ ಏನೋ ಆಗಿದೆ ಅಂತ. ಅಳುವ ಕೂಸಿಗೇ ಹಾಲು ಎಂದು ಗಾದೆ ಮಾಡಿದವರಿಗೆ ಇದು ಗೊತ್ತಿತ್ತು.

ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯೆ. ಆ ದಿನ ಬಿಳಿಚೋಡಿನಾಚೆಯ ಆ ಊರಿಗೆ ನನ್ನನ್ನು ಎಳೆದುಕೊಂಡು ಹೋದವಳು ಅಲ್ಲಿಯ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮನೆಗಳಿಗೆ ಹೋಗಿ ಕೂಸುಗಳ ತೂಕ ನೋಡುವುದು ಅವಳ ಕೆಲಸ. “ಈ ಕೂಸಿನ ತೂಕ ಏರ್ತಾನೇ ಇಲ್ಲ ಮೇಡಂ. ತಾಯಿ ನೋಡಿದ್ರೆ ಯಾವಾಗ ಹೋದ್ರೂ ಮಲಗಿರ್ತಾಳೆ. ನೀವೊಮ್ಮೆ ಬರ್ರಿ,” ಎಂದಿದ್ದಳು.

ಬಾಣಂತಿಗೆ ಇದು ಚೊಚ್ಚಲು. ಗಂಡನ ಮನೆ ನ್ಯಾಮತಿ. ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಗಿ, ಹೊಲಿಗೆ ಬಿಚ್ಚಿಸಿಕೊಂಡು ಇಲ್ಲಿಗೆ ಬಂದಿದ್ದಳು. ತವರು ಎಂದರೆ ದೊಡ್ಡಮ್ಮನ ಮನೆ. ತಾಯಿ ಇಲ್ಲದ ಹುಡುಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿ, ಈಗ ಬಾಣಂತನವನ್ನೂ ಮಾಡುತ್ತಿದ್ದವಳು ಈ ದೊಡ್ಡಮ್ಮ. ಬಂಗಾರದಂಥ ಕೂಸು ಎಂದು ಹೆಮ್ಮೆಯಿಂದ ಹೇಳಿದವಳೂ ಅವಳೇ. ಗಟ್ಟಿ ಹೆಂಗಸು. ಮಾತಾಡುವಾಗ ಎದುರಿನವರ ತೋಳು ಹಿಡಿದುಕೊಂಡೇ ಮಾತಾಡುತ್ತಿದ್ದಳು.

ಬಾಣಂತಿಯ ಕೋಣೆಯಲ್ಲಿ ಮಧ್ಯಾಹ್ನವೂ ಕತ್ತಲೆ. ಕಿಟಕಿಗೆ ಗೋಣಿಚೀಲ ತುರುಕಿದ್ದರು, ಬಾಗಿಲಿಗೆ ಕಂಬಳಿ ಕಟ್ಟಿದ್ದರು. ಮಂಚದ ಕೆಳಗೆ ಬಾಂಡ್ಲಿಯಲ್ಲಿ ಕೆಂಡ, ಅದರ ಮೇಲೆ ಲೋಬಾನದ ಹೊಗೆ. ಬೆಳ್ಳುಳ್ಳಿ, ಮೆಣಸು, ಹರಳೆಣ್ಣೆ, ಹೊಗೆ ಎಲ್ಲ ಸೇರಿದ ಆ ವಾಸನೆಯಲ್ಲಿ ಹತ್ತು ಉಸಿರು ತೆಗೆದುಕೊಂಡರೆ ನಮ್ಮ ಮೂಗು ಕೆಲಸ ಬಿಟ್ಟು ಮನೆಗೆ ಹೋಗುತ್ತದೆ. ಹುಡುಗಿ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಳು. ಕರೆದರೆ ಎದ್ದಳು, ಪ್ರಶ್ನೆಗೆ ಉತ್ತರ ಕೊಟ್ಟಳು, ಉತ್ತರ ಮುಗಿಯುವಷ್ಟರಲ್ಲಿ ಮತ್ತೆ ಕಣ್ಣು ಮುಚ್ಚಿದಳು.

ಜ್ವರವಿಲ್ಲ. ಬಿ.ಪಿ. ಸರಿಯಿತ್ತು. ಹೊಲಿಗೆಯ ಜಾಗ ಒಂದು ಕಡೆ ಕೆಂಪಾಗಿತ್ತೇ ಹೊರತು ಕೀವಿರಲಿಲ್ಲ. ರಕ್ತ ಸ್ವಲ್ಪ ಕಡಿಮೆ, ಅದು ಈ ಕಡೆ ಯಾವ ಬಾಣಂತಿಗಿಲ್ಲ? ಕೂಸಿನ ಅಂಗಾಲನ್ನು ಬೆರಳಿನಿಂದ ತಟ್ಟಿದೆ. ಮುಖ ಕಿವುಚಿ ಕುಂಯ್ ಎಂದು, ಮತ್ತೆ ನಿದ್ದೆಗೆ ಜಾರಿತು. ಎದೆಗೆ ಹಿಡಿಸಿದರೆ ನಾಲ್ಕು ಗುಟುಕು ಚೀಪಿ ಸುಮ್ಮನಾಯಿತು.

“ಆಸ್ಪತ್ರೆಯಾಗೆ ಕೊಟ್ಟ ಮಾತ್ರೆ ತೋರಿಸ್ರಿ,” ಎಂದೆ.

ದೊಡ್ಡಮ್ಮ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಚೀಲ ತಂದಳು. ಕಬ್ಬಿಣಾಂಶದ್ದು, ಸುಣ್ಣದಂಶದ್ದು, ಮುಗಿದುಹೋದ ಆಂಟಿಬಯೋಟಿಕ್ಕಿನ ಖಾಲಿ ಹಾಳೆ, ಮತ್ತೆ ನೋವಿನ ಕ್ಯಾಪ್ಸೂಲ್. ನೋವಿನದು ಟ್ರಮಡಾಲ್. ಅಫೀಮಿನ ಬಳಗದ ಔಷಧಿ ಅದು. ಆಪರೇಷನ್ ನೋವಿಗೆ ಬರೆಯುವುದು ಹೊಸದೇನಲ್ಲ, ಲೆಕ್ಕದಲ್ಲಿ ತೆಗೆದುಕೊಂಡರೆ ಕೆಲಸ ಮಾಡುವ ಔಷಧಿಯೇ. ಆದರೆ ಅದು ತೂಕಡಿಕೆ ತರುತ್ತದೆ, ಹಾಲಿನ ಮೂಲಕ ಕೂಸಿಗೂ ಸ್ವಲ್ಪ ಹೋಗುತ್ತದೆ. ಹಾಲೂಡಿಸುವ ತಾಯಿಗೆ ಅದನ್ನು ಕೊಡದಿರುವುದೇ ಒಳ್ಳೆಯದು. ನಿಲ್ಲಿಸಿ ಎಂದು ಹೇಳಿ, ಪ್ಯಾರಾಸಿಟಮಾಲ್ ಕೊಟ್ಟೆ.

“ಇದು ಬಿಟ್ರೆ ಬೇರೆ ಔಷಧಿ ಏನಾದ್ರೂ ಕೊಡ್ತಿದ್ದೀರಾ ದೊಡ್ಡಮ್ಮ? ನಾಟಿ ಔಷಧಿ, ಬೇರು, ಕಷಾಯ?”

“ಯಾವ್ದೂ ಇಲ್ಲವ್ವ. ಬಾಣಂತಿಗೆ ಏನು ಮಾಡ್ತಾರೋ ಅದು ಮಾಡ್ತೀವಿ, ಅಷ್ಟೇ.”

ನಾನು ತಲೆಯಾಡಿಸಿದೆ. ಬಾಣಂತಿಗೆ ಏನು ಮಾಡುತ್ತಾರೆ ಎಂಬುದು ನನಗೂ ಗೊತ್ತಿತ್ತಲ್ಲ. ನಾನೂ ಹೊನ್ನಾಳಿಯಲ್ಲಿ ಅಮ್ಮನ ಕೈಯಲ್ಲಿ ಎರೆಸಿಕೊಂಡು, ಖಾರದ ಮುದ್ದೆ ತಿಂದು, ಅಮ್ಮ ಕಾಯಿಸಿದ ಲೇಹ್ಯ ನೆಕ್ಕಿ ಕಣ್ತುಂಬ ನಿದ್ದೆ ಮಾಡಿದವಳೇ. ಅದರಲ್ಲಿ ಕೇಳುವುದೇನಿದೆ ಎಂದುಕೊಂಡೆ.

ನನ್ನ ಕಣ್ಣು ಇದ್ದದ್ದು ಮಂಚದ ಕೆಳಗಿನ ಕೆಂಡದ ಮೇಲೆ. ಗಾಳಿಯಾಡದ ಕೋಣೆಯಲ್ಲಿ ಇದ್ದಿಲು ಉರಿದರೆ ಏಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ ಮಗು ಇಬ್ಬರೂ ಒಟ್ಟಿಗೆ ಮಂಕಾಗಿದ್ದಾರೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಕತ್ತಲಗೆರೆ ಕಡೆ ಕೆಲಸ ಮಾಡುತ್ತಿದ್ದಾಗ ಇಂಥದ್ದೇ ಕೋಣೆಯಿಂದ ಇಬ್ಬರನ್ನು ಹೊರಗೆ ಎತ್ತಿಕೊಂಡು ಬಂದದ್ದು ನೆನಪಿತ್ತು. ಕೆಂಡ ಹೊರಗಿಡಿ, ಗೋಣಿಚೀಲ ತೆಗೆಯಿರಿ, ಕಂಬಳಿ ಬಿಚ್ಚಿ ಎಂದೆ.

ದೊಡ್ಡಮ್ಮನ ಮುಖ ಸಣ್ಣದಾಯಿತು. ನನ್ನ ತೋಳು ಹಿಡಿದು ಪಡಸಾಲೆಗೆ ಕರೆದುಕೊಂಡು ಬಂದಳು.

“ಇವಳವ್ವ ಇದೇ ಕ್ವಾಣ್ಯಾಗೆ ಹೋದ್ಳು ಡಾಕ್ಟ್ರಮ್ಮ, ಇವಳನ್ನ ಹಡೆದು. ಸನ್ನಿ ಬಡೀತು. ಕೈಕಾಲು ತಣ್ಣಗೆ ಕಲ್ಲಾಗಿದ್ವು. ನಾನೇ ತಿಕ್ಕಿದ್ದು. ಎಷ್ಟು ತಿಕ್ಕಿದ್ರೂ ಬಿಸಿ ಆಗ್ಲಿಲ್ಲ.” ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಇವಳಿಗೆ ಶೀತ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?”

ಬಾಣಂತಿಗೆ ಥಂಡಿ ಹೊಕ್ಕು ಮೈ ನಡುಗಿ ಬುದ್ಧಿ ತಪ್ಪುವುದನ್ನು ಇಲ್ಲಿ ಸನ್ನಿ ಎನ್ನುತ್ತಾರೆ. ನಮ್ಮ ಪುಸ್ತಕದಲ್ಲಿ ಅದು ಬಹುಪಾಲು ಗರ್ಭಕೋಶದ ಸೋಂಕು. ಅದನ್ನೆಲ್ಲ ಹೇಳಿದೆ. ಥಂಡಿಯಿಂದ ಅಲ್ಲ ದೊಡ್ಡಮ್ಮ, ಈಗ ಅದಕ್ಕೆಲ್ಲ ಔಷಧಿ ಇದೆ, ಹೊದಿಕೆ ಹೊದಿಸಿ, ಸ್ವೆಟರ್ ಹಾಕಿ, ಕೆಂಡ ಮಾತ್ರ ಬೇಡ. ಅವಳು ಎದುರಾಡಲಿಲ್ಲ. ಬಾಂಡ್ಲಿಯನ್ನು ತಾನೇ ಎತ್ತಿಕೊಂಡು ಹೋಗಿ ಅಂಗಳದಲ್ಲಿಟ್ಟಳು. ಒಂದು ಕೆಲಸ ಮುಗಿಯಿತು ಎಂದು ನಾನು ಜೀಪು ಹತ್ತಿದೆ.

ಎರಡು ದಿನ ಬಿಟ್ಟು, ಬೆಳಗಿನ ರೋಗಿಗಳ ಸಾಲು ಆಗಷ್ಟೇ ಶುರುವಾಗಿತ್ತು. ಆಶಾಳ ಫೋನ್ ಬಂತು. ಹಿಂದಿನಿಂದ ಹೆಂಗಸರ ಗದ್ದಲ ಕೇಳುತ್ತಿತ್ತು.

“ಮೇಡಂ, ಬಾಣಂತಿಗೆ ಸನ್ನಿ ಆಗೈತೆ ಅಂತ ಊರೆಲ್ಲ ಸೇರೈತೆ. ಕರೆದ್ರೆ ಊಂ ಅನ್ನಾಕೂ ಒಲ್ಲಳು. ಗೊರಕೆ ಹೊಡೀತಾಳೆ.”

“ಜ್ವರ ಐತಾ?”

“ಇಲ್ಲ ಮೇಡಂ. ಮೈ ತಣ್ಣಗೈತೆ.”

ಜ್ವರವಿಲ್ಲದ ಸನ್ನಿ, ಅದೂ ಗೊರಕೆ ಹೊಡೆಯುವ ಸನ್ನಿ, ನಾನು ಕಂಡಿಲ್ಲ. ಅವಳನ್ನು ಮಗ್ಗುಲಾಗಿ ಮಲಗಿಸು, ಗದ್ದ ಮೇಲೆತ್ತಿ ಹಿಡಿ, ಬಾಯಿಗೆ ಏನನ್ನೂ ಹಾಕಲು ಬಿಡಬೇಡ ಎಂದು ಹೇಳಿ ಫೋನ್ ಇಟ್ಟೆ. ಆಂಬ್ಯುಲೆನ್ಸ್ ಇನ್ನೊಂದು ಹೆರಿಗೆಗೆ ಹೋಗಿತ್ತು. ಸಣ್ಣ ಆಕ್ಸಿಜನ್ ಸಿಲಿಂಡರ್, ಮುಖಕ್ಕೆ ಹಿಡಿದು ಕೈಯಿಂದ ಹಿಂಡಿ ಉಸಿರು ಕೊಡುವ ಅಂಬು ಚೀಲ, ಡ್ರಿಪ್ಪಿನ ಸಾಮಾನು ಇಷ್ಟನ್ನೂ ನಮ್ಮ ಜೀಪಿಗೆ ಹಾಕಿಕೊಂಡು ಹೊರಟೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೆಂಡವೇ. ಮತ್ತೆ ಒಳಗಿಟ್ಟಿದ್ದಾರೆ, ನಾನು ಅತ್ತ ತಿರುಗಿದ ಕೂಡಲೇ ಒಳಗಿಟ್ಟಿದ್ದಾರೆ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಹೋದೆ.

ಕೆಂಡ ಅಂಗಳದಲ್ಲೇ ಇತ್ತು, ಆರಿ ಬೂದಿಯಾಗಿತ್ತು. ಕಿಟಕಿ ತೆರೆದಿತ್ತು. ಕೋಣೆಯಲ್ಲಿ ಬೆಳಕಿತ್ತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಆ ಬೆಳಕಿನಲ್ಲಿ ಹುಡುಗಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿದ್ದು ಚೆನ್ನಾಗಿಯೇ ಕಂಡಿತು.

ಎದೆಯ ಮೇಲೆ ಕೈಯಿಟ್ಟು ಕಾದೆ. ಒಂದು ಉಸಿರು. ಇನ್ನೊಂದಕ್ಕೆ ಕಾಯಬೇಕಾಯಿತು. ಕಣ್ಣಿನ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿದೆ. ಪಾಪೆ ಸಾಸಿವೆಗಿಂತ ಸಣ್ಣದು. ಅಫೀಮಿನ ಬಳಗದ ಔಷಧಿ ಮೈಯಲ್ಲಿ ಹೆಚ್ಚಾದಾಗ ಕಾಣುವ ಗುರುತುಗಳು ಇವು: ಮಂಪರು, ನಿಧಾನವಾದ ಉಸಿರು, ಸೂಜಿಮೊನೆಯಂಥ ಪಾಪೆ. ಅಂಬು ಚೀಲವನ್ನು ಮುಖಕ್ಕೆ ಹಿಡಿದು ಹಿಂಡತೊಡಗಿದೆ. ಹಿಂಡುತ್ತಲೇ ಕೇಳಿದೆ.

“ಆ ಕ್ಯಾಪ್ಸೂಲ್ ನಿಲ್ಲಿಸ್ರಿ ಅಂದಿದ್ದೆನಲ್ಲ?”

“ನೋವು ತಡೀಲಾರೆ ಅಂತ ಅತ್ಲು. ದೊಡ್ಡಾಸ್ಪತ್ರೆಯೋರು ಬರೆದದ್ದು, ಅದನ್ನ ಹೆಂಗೆ ಬಿಡೋದು ಅಂತ...” ಎಂದಳು ದೊಡ್ಡಮ್ಮ.

ಹಾಳೆ ತರಿಸಿ ನೋಡಿದೆ. ಬರೆದುಕೊಟ್ಟಿದ್ದಕ್ಕಿಂತ ಒಂದೆರಡು ಹೆಚ್ಚು ಹೋಗಿರಬಹುದು, ಅಷ್ಟೇ. ಅಷ್ಟರಿಂದ ಒಬ್ಬ ಪ್ರಾಯದ ಹುಡುಗಿ ಈ ಸ್ಥಿತಿಗೆ ಬರುವುದು ನನಗೆ ಹೊಂದಲಿಲ್ಲ. ಇದರ ಜೊತೆಗೆ ಇನ್ನೇನೋ ಇದೆ ಅನ್ನಿಸಿತು. ಏನು ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಗೂಡಿನತ್ತ ಹೋಗಿ ಒಂದು ಬೆಳ್ಳಿಯ ಒಳಲೆ ಹಿಡಿದುಕೊಂಡು ಬಂದಳು. ಕೂಸಿಗೆ ಹಾಲು ಹಾಕುವ ಒಳಲೆ. ಅದರಲ್ಲಿ ಕೆಂಪಗೆ ಏನೋ ಇತ್ತು.

“ಸ್ವಲ್ಪ ಕೈ ತೆಗೀರವ್ವ. ಇದೊಂದು ಗುಟುಕು ಹಾಕ್ತೀನಿ. ಮೈ ಬಿಸಿ ಆದ್ರೆ ಎದ್ದು ಕೂರ್ತಾಳೆ.”

ಅವಳ ಮುಂಗೈ ಹಿಡಿದೆ. ಮೂಗಿನ ಹತ್ತಿರ ತಂದುಕೊಂಡೆ. ಹೊಗೆಯಿಲ್ಲದ ಕೋಣೆಯಲ್ಲಿ ನನ್ನ ಮೂಗಿಗೆ ಈಗ ಕೆಲಸ ಮಾಡಲು ಬಂತು.

“ಏನು ಇದು?”

“ಔಷಧಿ.”

“ಯಾವ ಔಷಧಿ ದೊಡ್ಡಮ್ಮ?”

“ಬಾಣಂತಿ ಔಷಧಿ. ಬ್ರಾಂದಿ.”

ಬಾಟಲಿ ಗೂಡಿನಲ್ಲಿ ಲೇಹ್ಯದ ಡಬ್ಬಿಗೂ ಹರಳೆಣ್ಣೆಗೂ ನಡುವೆ ಇತ್ತು. ಮೊದಲ ದಿನವೂ ಅಲ್ಲೇ ಇತ್ತಂತೆ. ಯಾರೂ ಬಚ್ಚಿಟ್ಟಿರಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದ ಆಶಾಳತ್ತ ತಿರುಗಿ, ಇದು ನಿನಗೆ ಗೊತ್ತಿತ್ತೇ ಎಂದೆ. “ಎಲ್ಲಾರ ಮನ್ಯಾಗೂ ಇರೋದೇ ಅಲ್ವಾ ಮೇಡಂ, ಅದನ್ನೇನು ಹೇಳೋದು,” ಎಂದಳು ಪಾಪ. ಅವಳ ಮುಖ ಬಿಳಿಚಿಕೊಂಡಿತ್ತು.

ಟ್ರಮಡಾಲ್ ಉಸಿರಾಟವನ್ನು ತುಸು ನಿಧಾನಿಸುತ್ತದೆ. ಮದ್ಯವೂ ಅದನ್ನೇ ಮಾಡುತ್ತದೆ. ಒಂದೊಂದೇ ಬಂದರೆ ಮೈ ಹೇಗೋ ತಡೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಂದರೆ ಒಂದಕ್ಕೆ ಇನ್ನೊಂದು ಕೈಜೋಡಿಸುತ್ತದೆ, ಮಲಗಿದವರಿಗೆ ಉಸಿರೆಳೆದುಕೊಳ್ಳಬೇಕು ಎಂಬುದನ್ನು ಮಿದುಳು ನೆನಪಿಸುವುದೇ ಇಲ್ಲ. ಇದಕ್ಕೆ ಬಾಟಲಿಗಟ್ಟಲೆ ಬೇಕಾಗಿಲ್ಲ, ಕುಡುಕರೇ ಆಗಬೇಕಾಗಿಲ್ಲ. ರಕ್ತ ಕಡಿಮೆಯಿರುವ, ಎಂದೂ ಕುಡಿದು ಅಭ್ಯಾಸವಿಲ್ಲದ ಸಣ್ಣ ಮೈಗೆ ಸ್ವಲ್ಪವೇ ಸಾಕು. ಇನ್ನೊಂದು ಕೇಡೆಂದರೆ ಬ್ರಾಂದಿ ಮೈಯನ್ನು ಬಿಸಿ ಮಾಡುವುದೇ ಇಲ್ಲ. ಚರ್ಮಕ್ಕೆ ರಕ್ತ ನುಗ್ಗಿಸಿ ಬಿಸಿ ಎನ್ನಿಸುತ್ತದೆ, ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ. ಕೈಕಾಲು ತಣ್ಣಗಾಗುತ್ತವೆ. ತಣ್ಣಗಾದದ್ದನ್ನು ನೋಡಿ ದೊಡ್ಡಮ್ಮ ಬಾಟಲಿಯ ಮುಚ್ಚಳದಲ್ಲಿ ಅಳೆದು ಮತ್ತೊಂದಿಷ್ಟು ಹಾಕುತ್ತಾಳೆ.

ಇಷ್ಟೆಲ್ಲ ಹೇಳುತ್ತ ಕೂರುವ ಹೊತ್ತು ಅದಲ್ಲ. ಹುಡುಗಿಯನ್ನು ಚಾಪೆಯ ಸಮೇತ ಎತ್ತಿ ಜೀಪಿನ ಹಿಂದೆ ಮಲಗಿಸಿದೆವು. ನಾನು ತಲೆಯ ಕಡೆ ಕೂತು ಗದ್ದ ಎತ್ತಿ ಹಿಡಿದು ಚೀಲ ಹಿಂಡುತ್ತಿದ್ದೆ. ಆಶಾಳ ಮಡಿಲಲ್ಲಿ ಕೂಸು. ಅದು ಅಳುತ್ತಿರಲಿಲ್ಲ.

ಮುಖ್ಯರಸ್ತೆ ಸೇರುವಲ್ಲಿ ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಜಗಳೂರು. ಅಲ್ಲಿಗೆ ಬರುವಷ್ಟರಲ್ಲಿ ನ್ಯಾಮತಿಯಿಂದ ಗಂಡನ ಫೋನ್. ದೊಡ್ಡಮ್ಮ ಫೋನನ್ನು ನನ್ನ ಕಿವಿಗೆ ಹಿಡಿದಳು.

“ಮೇಡಂ, ದಾವಣಗೆರೆಗೇ ಕರ್ಕಂಡು ಹೋಗ್ರಿ. ಆಪರೇಷನ್ ಮಾಡಿದ್ದು ಅವ್ರೇ, ಅವರಿಗೇ ಎಲ್ಲಾ ಗೊತ್ತಿರ್ತೈತೆ. ದುಡ್ಡಿನ ಯೋಚ್ನೆ ಬ್ಯಾಡ. ನಾನು ಸೀದಾ ಅಲ್ಲಿಗೇ ಬರ್ತೀನಿ.”

ಅವನ ಮಾತಿನಲ್ಲಿ ಅರ್ಥವಿತ್ತು. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಎಲ್ಲ ಅನುಕೂಲವೂ ಇದೆ. ಆದರೆ ದಾರಿ ದೂರ. ನನ್ನ ಕೈಯಲ್ಲಿದ್ದದ್ದು ಸಣ್ಣ ಸಿಲಿಂಡರ್, ಹಿಂಡುವುದಕ್ಕೆ ನನ್ನೆರಡು ಕೈ. ಈ ಹುಡುಗಿಗೆ ಈಗ ಬೇಕಾದದ್ದು ನಾಲೋಕ್ಸೋನ್ ಎಂಬ ಒಂದು ಸಣ್ಣ ಚುಚ್ಚುಮದ್ದು, ಅಫೀಮಿನ ಬಳಗದ ಔಷಧಿಗಳ ಹಿಡಿತ ಬಿಡಿಸುವ ಔಷಧಿ. ನಮ್ಮಂಥ ಕೇಂದ್ರಗಳಲ್ಲಿ ಅದು ಇರುವುದಿಲ್ಲ. ಹುಡುಗಿಯನ್ನು ಜೀಪಿಗೆ ಏರಿಸುವಾಗಲೇ ಜಗಳೂರಿನ ಆಸ್ಪತ್ರೆಯ ಅರಿವಳಿಕೆ ತಜ್ಞರಿಗೆ ಫೋನ್ ಮಾಡಿ ಕೇಳಿದ್ದೆ. ಆಪರೇಷನ್ ಕೋಣೆಯಲ್ಲಿ ಎರಡಿವೆ, ಬನ್ನಿ ಎಂದಿದ್ದರು.

“ಜಗಳೂರಿಗೆ ತಿರುಗಿಸಪ್ಪ,” ಎಂದೆ ಡ್ರೈವರಿಗೆ.

“ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ ಮೇಡಂ?” ಗಂಡನ ದನಿ ಏರಿತು.

“ನಾನು. ನೀವೂ ಜಗಳೂರಿಗೇ ಬನ್ನಿ.”

ಹೇಳುವುದು ಹೇಳಿಬಿಟ್ಟೆ. ಆದರೆ ನನ್ನ ಅಂದಾಜು ತಪ್ಪಾಗಿ, ಇದು ಮಿದುಳಿನ ರಕ್ತಸ್ರಾವವೋ ಇನ್ನೊಂದೋ ಆಗಿದ್ದರೆ ನಾನು ಅವಳನ್ನು ದೊಡ್ಡ ಆಸ್ಪತ್ರೆಯಿಂದ ಇನ್ನೂ ದೂರಕ್ಕೆ ಕರೆದುಕೊಂಡು ಹೋದಂತಾಗುತ್ತಿತ್ತು.

ಆಸ್ಪತ್ರೆಯ ಬಾಗಿಲಲ್ಲೇ ಅರಿವಳಿಕೆ ತಜ್ಞರು ಕಾಯುತ್ತಿದ್ದರು. ಹಿರಿಯರು, ಹೆಚ್ಚು ಮಾತಿನವರಲ್ಲ. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ಪಾಪೆ ನೋಡಿ, ರಕ್ತದ ಸಕ್ಕರೆ ನೋಡಿಸಿದರು. ಸಕ್ಕರೆ ಇಳಿದಿತ್ತು, ಗ್ಲೂಕೋಸ್ ಹಾಕಿಸಿದರು. ಮದ್ಯದ ಕೆಲಸ ಅದೂ ಒಂದು. ಆಮೇಲೆ, “ಎಷ್ಟು ಹೋಗಿದೆ ಕೇಳಿ,” ಎಂದರು. ಟ್ರಮಡಾಲಿಗೆ ನಾಲೋಕ್ಸೋನ್ ಕೊಡುವುದು ಕಣ್ಣುಮುಚ್ಚಿ ಮಾಡುವ ಕೆಲಸವಲ್ಲ. ಅದು ಅರ್ಧಂಬರ್ಧ ಕೆಲಸ ಮಾಡುತ್ತದೆ, ಒಮ್ಮೆಲೇ ಹೆಚ್ಚು ಕೊಟ್ಟರೆ ಫಿಟ್ಸ್ ಬರುವ ಭಯವೂ ಇದೆ. ಮೇಲಾಗಿ ಅದು ಬ್ರಾಂದಿಯನ್ನು ಇಳಿಸುವುದಿಲ್ಲ. ಯಾವುದು ಎಷ್ಟು ಒಳಗೆ ಹೋಗಿದೆ, ಕೊನೆಯದು ಯಾವಾಗ ಎಂದು ತಿಳಿದರೆ ಮುಂದಿನ ಕೆಲಸಕ್ಕೆ ಒಂದು ದಾರಿ.

ಅಷ್ಟು ಹೊತ್ತಿಗೆ ಯಾರೋ ವಾರ್ಡಿನ ಆ ತುದಿಯಿಂದ ಈ ತುದಿಗೆ ಕೂಗಿ ಹೇಳಿದರು: “ಬಾಣಂತಿ ಕುಡಿದಾಳಂತೆ ಕಣ್ರೀ!”

ಮಂಚಗಳ ಮೇಲಿದ್ದವರೆಲ್ಲ ಎದ್ದು ಕೂತರು. ಒಬ್ಬಿಬ್ಬರು ಸೆರಗು ಬಾಯಿಗಿಟ್ಟು ನಕ್ಕರು. ಕರ್ತವ್ಯದಲ್ಲಿದ್ದ ನರ್ಸ್ ದೊಡ್ಡಮ್ಮನ ಎದುರು ನಿಂತು, “ಎಷ್ಟು ಕುಡಿದಿದ್ದಾಳೆ ಅಜ್ಜಿ? ದಿನಾ ಕುಡೀತಾಳಾ?” ಎಂದು ಕೇಳಿದಳು.

“ಯಾರು ಕುಡಿದಿದ್ದು?” ದೊಡ್ಡಮ್ಮ ಕೆರಳಿದಳು. “ನಮ್ಮನೆ ಹೆಣ್ಣುಮಕ್ಕಳು ಕುಡಿಯೋರಲ್ಲ. ನಾಲಿಗೆ ಬಿಗಿಹಿಡಿದು ಮಾತಾಡ್ರಿ. ಏನೂ ಕುಡಿದಿಲ್ಲ, ಏನೂ ಕೊಟ್ಟಿಲ್ಲ ನಾವು.”

ನನ್ನ ಕಣ್ಣೆದುರೇ ಒಳಲೆ ಹಿಡಿದು ಬಂದವಳು ಹೀಗೆ ಹೇಳಿದಳು! ಇದೇನು ಹೆಂಗಸಪ್ಪಾ ಎಂದು ರೇಗಿ ನಾನೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳ ಮುಖ ನೋಡಿದೆ. ಅಲ್ಲಿ ಸುಳ್ಳು ಹೇಳುವವರ ಅಳುಕು ಇರಲಿಲ್ಲ. ಅವಮಾನ ಇತ್ತು. ಅವಳ ಲೆಕ್ಕದಲ್ಲಿ ಅವಳು ಹೇಳಿದ್ದು ನಿಜ. ಕುಡಿಯುವುದು ಎಂದರೆ ಗಂಡಸರು ಸಂಜೆ ಅಂಗಡಿಗೆ ಹೋಗಿ ತೂರಾಡಿಕೊಂಡು ಬರುವುದು. ಮುಚ್ಚಳದಲ್ಲಿ ಅಳೆದು, ಬಿಸಿನೀರು ಬೆರೆಸಿ, ಬಾಣಂತಿಗೆ ಹಾಕುವುದು ಅವಳ ಮಾತಿನಲ್ಲಿ ಕುಡಿತವಲ್ಲ. ನಾವು ಇನ್ನೂ ಹತ್ತು ಸಲ ಹೀಗೇ ಕೇಳಿದರೂ ಹತ್ತು ಸಲವೂ ಇಲ್ಲ ಎಂದೇ ಹೇಳುತ್ತಿದ್ದಳು, ಅದೂ ಕಡ್ಡಿ ಮುರಿದಂತೆ.

ಅವಳ ತೋಳು ಹಿಡಿದುಕೊಂಡೆ, ಅವಳು ನನ್ನದನ್ನು ಹಿಡಿಯುತ್ತಿದ್ದ ಹಾಗೆಯೇ. ಮೂಲೆಗೆ ಕರೆದುಕೊಂಡು ಹೋದೆ.

“ದೊಡ್ಡಮ್ಮ, ಮಗಳು ಬೆಚ್ಚಗಿರ್ಲಿ ಅಂತ ಏನೇನು ಕೊಟ್ರಿ?”

ಅವಳ ಬಿಗಿ ಸಡಿಲಾಯಿತು. “ಹಂಗೆ ಕೇಳವ್ವ,” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯಿಂದ ಬಂದ ದಿನದಿಂದ ಸಂಜೆಗೊಂದು ಮುಚ್ಚಳ. ಅಳಿಯನೇ ತಂದುಕೊಟ್ಟ ಬಾಟಲಿ, ಪಾಪ, ಅವನು ಕುಡಿಯುವವನಲ್ಲ, ಅಂಗಡಿ ಮುಂದೆ ನಿಲ್ಲಲು ನಾಚಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋಗಿದ್ದನಂತೆ. ಪಥ್ಯ ಏನು ಎಂದು ನರ್ಸಿಂಗ್ ಹೋಮಿನಲ್ಲಿ ಕೇಳಿದ್ದಳು. ಪಥ್ಯ ಏನೂ ಇಲ್ಲ, ಎಲ್ಲ ಕೊಡಿ ಎಂದಿದ್ದರು.

“ಒಂದೇ ಮುಚ್ಚಳ ಕೊಡ್ತಿದ್ದೆ. ನೀವು ಬಂದು ಕೆಂಡ ಹೊರಗಿಡಿಸಿದ್ರಲ್ಲ, ಆಮ್ಯಾಲೆ ಕಾವು ಎಲ್ಲಿಂದ ಬರ್ಬೇಕು? ಹೊರಗಿನ ಕಾವು ಹೋತು, ಒಳಗಿನದಾದ್ರೂ ಇರ್ಲಿ ಅಂತ ಹೊತ್ತಿಗೆ ಎರಡೆರಡು ಹಾಕಿದೆ. ಬೆಳಗಿನ ಜಾವ ಕೈಕಾಲು ತಣ್ಣಗಾದ್ವು. ಅವಳವ್ವನ ಹಂಗೇ ಆದ್ವು. ಆಗ ಅರ್ಧ ಲೋಟ ಕುಡಿಸ್ದೆ.”

ಕೆಂಡ ತೆಗೆಸಿದ್ದು ತಪ್ಪಲ್ಲ, ಈಗಲೂ ತೆಗೆಸುತ್ತೇನೆ. ಆದರೆ ಅದನ್ನು ತೆಗೆದ ಜಾಗದಲ್ಲಿ ಅವಳು ಏನಿಡುತ್ತಾಳೆ ಎಂದು ನಾನು ಕೇಳಿರಲಿಲ್ಲ.

“ಕೂಸಿಗೆ?”

“ಬೆರಳಿಗೆ ಅದ್ದಿ ನಾಲಿಗೆಗೆ ಸವರ್ತಿದ್ದೆ. ಶೀತ ಆಗ್ಬಾರದು ಅಂತ.”

ಅರಿವಳಿಕೆ ತಜ್ಞರಿಗೆ ಹೋಗಿ ಒಂದೊಂದಾಗಿ ಹೇಳಿದೆ. ಅವರು ತಲೆಯಾಡಿಸಿ ನಾಲೋಕ್ಸೋನನ್ನು ನೀರು ಬೆರೆಸಿ ತೆಳು ಮಾಡಿಕೊಂಡು ಚೂರು ಚೂರೇ ಕೊಡತೊಡಗಿದರು. ಕೊಡುವುದು, ಎದೆ ನೋಡುವುದು, ಮತ್ತೆ ಕೊಡುವುದು. ನಾನು ಮಗುವಿನ ಕಡೆ ಓಡಿದೆ. ಅದರ ಸಕ್ಕರೆಯೂ ಇಳಿದಿತ್ತು. ಹಿಮ್ಮಡಿಯಿಂದ ರಕ್ತ ತೆಗೆಯಲು ಚುಚ್ಚಿದಾಗಲೂ ಸರಿಯಾಗಿ ಅಳಲಿಲ್ಲ. ಸೂಜಿ ಹಾಕಿ ಗ್ಲೂಕೋಸ್ ಶುರು ಮಾಡಿದೆವು.

ನಾನು ಮರಳಿ ಬರುವಾಗ ಹುಡುಗಿಯ ತುಟಿಗೆ ಬಣ್ಣ ಬಂದಿತ್ತು. ಉಸಿರು ತಾನಾಗಿಯೇ ಏರಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಅರಿವಳಿಕೆ ತಜ್ಞರ ಅಂಗಿಯ ಮೇಲೆಯೇ ವಾಂತಿ ಮಾಡಿದಳು. ಅವರು ಅಂಗಿ ಒರೆಸಿಕೊಳ್ಳುತ್ತ ಆ ದಿನ ಮೊದಲ ಸಲ ನಕ್ಕರು. ಆದರೂ ಯಾರೂ ಅಲ್ಲಿಂದ ಕದಲಲಿಲ್ಲ. ನಾಲೋಕ್ಸೋನಿನ ಶಕ್ತಿ ಬೇಗ ಮುಗಿಯುತ್ತದೆ, ಟ್ರಮಡಾಲ್ ಇನ್ನೂ ಒಳಗೇ ಇರುತ್ತದೆ. ಎದ್ದು ಮಾತಾಡಿದ ರೋಗಿ ಮತ್ತೆ ಮಂಪರಿಗೆ ಜಾರುವುದು ಆಗಲೇ. ಮಧ್ಯಾಹ್ನ ಹಾಗೇ ಆಯಿತು. ನಾಲೋಕ್ಸೋನಿನ ಎರಡನೆಯ ಸೀಸೆಯನ್ನೂ ಒಡೆದರು. ಸಂಜೆಗೆ ಉಸಿರು ಹದಕ್ಕೆ ಬಂದ ಮೇಲೆ ತಾಯಿ ಮಗು ಇಬ್ಬರನ್ನೂ ಆಂಬ್ಯುಲೆನ್ಸಿನಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ನ್ಯಾಮತಿಯಿಂದ ಬಂದಿದ್ದ ಗಂಡ ನನಗೆ ಕೈಮುಗಿದು ಆಂಬ್ಯುಲೆನ್ಸ್ ಹತ್ತಿದ.

ದೊಡ್ಡಮ್ಮ ಹತ್ತುವ ಮೊದಲು ನನ್ನ ಹತ್ತಿರ ಬಂದಳು.

“ನಾನೇ ಕೊಂದು ಬಿಡ್ತಿದ್ನಲ್ಲವ್ವ.”

ಇಲ್ಲ ಎಂದರೆ ಸುಳ್ಳಾಗುತ್ತಿತ್ತು, ಹೌದು ಎನ್ನಲು ನನ್ನಿಂದಾಗಲಿಲ್ಲ. “ಕೇಳಿದ್ದಕ್ಕೆ ಎಲ್ಲಾ ಸರಿಯಾಗಿ ಹೇಳಿದ್ರಲ್ಲ ದೊಡ್ಡಮ್ಮ, ಅದರಿಂದಾನೇ ಉಳಿದ್ಲು,” ಎಂದೆ. ಅದು ನಿಜವೂ ಆಗಿತ್ತು. ಅವಳು ಕಣ್ಣೊರೆಸಿಕೊಂಡು, “ಹಂಗಾದ್ರೆ ಇನ್ಮ್ಯಾಲೆ ಬೆಚ್ಚಗಿಡಾಕೆ ಏನು ಮಾಡ್ಲಿ?” ಎಂದು ಕೇಳಿದಳು. ಅಷ್ಟು ದುಃಖದಲ್ಲೂ ಆ ಚಿಂತೆ ಬಿಟ್ಟಿರಲಿಲ್ಲ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸಿ ಮೇಲೊಂದು ಕಂಬಳಿ ಹೊದಿಸುವುದನ್ನು ಹೇಳಿಕೊಟ್ಟೆ. ಅದನ್ನು ಅವಳು ಒಪ್ಪಿಕೊಂಡಳು.

ಮುಂದಿನ ಸಭೆಯಲ್ಲಿ ನಮ್ಮ ಆಶಾ ಕಾರ್ಯಕರ್ತೆಯರನ್ನೆಲ್ಲ ಕೂರಿಸಿಕೊಂಡೆ. ಬಾಣಂತಿಗೆ ಬ್ರಾಂದಿ ಎಲ್ಲೆಲ್ಲಿ ಕೊಡುತ್ತಾರೆ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇದೇನು ಮೇಡಂ, ಸಾರಿಗೆ ಉಪ್ಪು ಹಾಕ್ತೀರಾ ಅಂದಂಗಾತು,” ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತೆ ಬೈದೆ. ಅಂದಿನಿಂದ ನಮ್ಮಲ್ಲಿ ಕೇಳುವ ಮಾತು ಬದಲಾಯಿತು. ಕುಡಿಯುತ್ತೀರಾ ಎಂದು ಕೇಳುವುದಿಲ್ಲ. ಬೇರೆ ಔಷಧಿ ಇದೆಯೇ ಎಂದೂ ಕೇಳುವುದಿಲ್ಲ. ನೋವಿನ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು, ಬೆಚ್ಚಗಿರಲು ಏನು ಕೊಡುತ್ತೀರಿ ಎಂದು ಕೇಳುತ್ತಾರೆ. ಬಾಣಂತಿಯರಿಗಷ್ಟೇ ಅಲ್ಲ, ಮೂಳೆ ಮುರಿದವರಿಗೆ, ಸೊಂಟ ನೋವಿನವರಿಗೆ, ಗರ್ಭಕೋಶ ತೆಗೆಸಿಕೊಂಡವರಿಗೆ ಎಲ್ಲರಿಗೂ. ಚನ್ನಗಿರಿಯಲ್ಲಿರುವ ನನ್ನ ಜೊತೆಯವಳೊಬ್ಬಳಿಗೆ ಹೇಳಿದಾಗ, “ನಮ್ಮ ಕಡೆ ಅದೆಲ್ಲ ಇಲ್ಲ ಬಿಡೇ,” ಎಂದಿದ್ದಳು. ಕೆಲವು ದಿನಕ್ಕೆ ಅವಳೇ ಫೋನ್ ಮಾಡಿದಳು. “ಐತೆ ಮಾರಾಯ್ತಿ. ನಾವು ಕೇಳೋದು ಕಲ್ತಿರ್ಲಿಲ್ಲ ಅಷ್ಟೇ.”

ದಾವಣಗೆರೆಯಿಂದ ತಾಯಿ ಮಗು ಮನೆಗೆ ಬಂದ ಸುದ್ದಿಯನ್ನು ಆಶಾ ಹೇಳಿದ ದಿನ ನನಗೆ ತಡೆಯಲಾರದಷ್ಟು ಖುಷಿಯಾಯಿತು. ಕೂಸು ಈಗ ಊರಿಗೆ ಊರೇ ಕೇಳುವಂತೆ ಅಳುತ್ತದಂತೆ, ದೊಡ್ಡಮ್ಮ ಬೇಸತ್ತಿದ್ದಾಳಂತೆ. ಆ ಖುಷಿಯಲ್ಲಿ ಹೊನ್ನಾಳಿಗೆ ಅಮ್ಮನಿಗೆ ಫೋನ್ ಮಾಡಿ ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದೆ. ಈ ಜನಕ್ಕೆ ಎಷ್ಟು ಹೇಳಿದರೂ ಇಷ್ಟೇ ಎಂದೂ ಸೇರಿಸಿದೆ. ನನ್ನ ನಾಲಿಗೆಗೆ ಆ ಚಟ ಇದೆ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ನಿಂಗೂ ಕೊಟ್ಟಿದ್ದೆ ಕಣೇ,” ಎಂದಳು. “ನೀನು ಡಾಕ್ಟ್ರು, ಒಲ್ಲೆ ಅಂತೀಯ ಅಂತ ಲೇಹ್ಯದಾಗೆ ಕಲಸಿ ಕೊಡ್ತಿದ್ದೆ.”

ನನ್ನದೂ ಸಿಸೇರಿಯನ್. ಆಗ ನನಗೂ ನೋವಿಗೆ ಅದೇ ಜಾತಿಯ ಕ್ಯಾಪ್ಸೂಲ್ ಬರೆದಿದ್ದರು. ಕಣ್ತುಂಬ ನಿದ್ದೆ ಮಾಡುತ್ತಿದ್ದೆ, ಅಮ್ಮನ ಕೈಗುಣ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

“ಮಗಳಿಗೂ ಸವರ್ತಿದ್ಯಾ?” ಎಂದು ಕೇಳಿದೆ.

“ಒಂಚೂರು. ಏನೂ ಆಗ್ಲಿಲ್ವಲ್ಲ. ಅಳ್ತಾನೇ ಇರ್ಲಿಲ್ಲ ನೋಡು ಅದು, ಬಂಗಾರದಂಥ ಕೂಸು.”

ಫೋನ್ ಇಟ್ಟೆ. ಒಳಗೆ ಮಗಳು ಶಾಲೆಯಿಂದ ಬಂದು ಚೀಲ ಎಸೆದು, ಯಾವುದಕ್ಕೋ ಹಠ ಹಿಡಿದು ದೊಡ್ಡ ಗಂಟಲಲ್ಲಿ ಅಳುತ್ತಿದ್ದಳು. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಆ ದಿನ ಹೋಗಿ ಅವಳ ಪಕ್ಕದಲ್ಲಿ ಕೂತೆ, ಅತ್ತು ಮುಗಿಯುವ ತನಕ.